ನವಿಲು ಚೀಲ, ಗಿಳಿ ಚೀಲ

ಕಣ್ಣಿನೊಳಗೆ ಸುಣ್ಣ ಕೂತಿದೆ ಎಂದು ಡಾಕ್ಟರು ಹೇಳಿದ ದಿನ ಬಸಲಿಂಗವ್ವ ಮನೆಗೆ ಬಂದವಳೇ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಎತ್ತಿ ಪಕ್ಕದ ಮನೆಯ ಕಸ್ತೂರೆವ್ವನಿಗೆ ಕೊಟ್ಟುಬಿಟ್ಟಳು. ಮೂವತ್ತು ವರ್ಷ ಊಟವಾದ ಮೇಲೆ ಒಂದು ಎಲೆ ಮಡಿಸಿ ಬಾಯಿಗಿಟ್ಟುಕೊಂಡವಳು ಒಂದೇ ಮಧ್ಯಾಹ್ನದಲ್ಲಿ ಅದನ್ನು ಬಿಟ್ಟು, ಎಂಟು ದಿನ ಮುಖ ಊದಿಸಿಕೊಂಡು ಓಡಾಡಿದಳು. ಒಂಬತ್ತನೆಯ ದಿನ ತಂಗಿ ದಾಕ್ಷಾಯಣಿ ದವಾಖಾನೆಗೆ ಫೋನು ಮಾಡಿ, ಎಲೆಗೆ ಹಚ್ಚುವ ಸುಣ್ಣಕ್ಕೂ ಕಣ್ಣಿನ ಸುಣ್ಣಕ್ಕೂ ಯಾವ ಸಂಬಂಧವೂ ಇಲ್ಲವೆಂದು ಕೇಳಿ ತಿಳಿದುಕೊಂಡು, ಡಬ್ಬಿ ವಾಪಸು ತರಲು ಹೋದಳು. ಅಷ್ಟರಲ್ಲಿ ಕಸ್ತೂರೆವ್ವ ಅದನ್ನು ಮುಗಿಸಿ ತೊಳೆದಿಟ್ಟಿದ್ದಳು.

"ಕೇಳೂದನ್ನ ಕೇಳದ ದಾನಾ ಮಾಡಿದ್ರ ಹಿಂಗ ಆಗೂದು," ಎಂದಳು ದಾಕ್ಷಾಯಣಿ, ಖಾಲಿ ಡಬ್ಬಿಯನ್ನು ಅಕ್ಕನ ಮುಂದಿಟ್ಟು.

ಅಕ್ಕನಿಗೆ ಐವತ್ತಾರು, ತಂಗಿಗೆ ಐವತ್ತೊಂದು. ಧಾರವಾಡದ ಮದಿಹಾಳದ ಓಣಿಯೊಂದರಲ್ಲಿ ಎರಡು ಕೋಣೆಯ ಮನೆ, ಮುಂದೊಂದು ಕಟ್ಟೆ. ಬೆಳಕಿರುವತನಕ ಇಬ್ಬರೂ ಆ ಕಟ್ಟೆಯ ಮೇಲೆ. ಬಸಲಿಂಗವ್ವನ ಗಂಡ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ದಾಕ್ಷಾಯಣಿ ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ "ನಮ್ಮಕ್ಕನ ಕಾಟಾನ ಸಾಕಾಗೈತಿ" ಎನ್ನುತ್ತಿದ್ದಳು. ಇಬ್ಬರದೂ ಕಸೂತಿ ಕೆಲಸ. ಅಂಗಡಿಯವರು ಇಲಕಲ್ ಸೀರೆ ಕೊಟ್ಟು ಕಳಿಸುತ್ತಾರೆ, ಇವರು ಸೆರಗಿನ ಮೇಲೆ ಗೋಪುರ, ತುಳಸಿಕಟ್ಟೆ, ನವಿಲು, ಗಿಳಿ ಮೂಡಿಸಿ ಕೊಡುತ್ತಾರೆ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಹೋಗಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಟಾಕು ಹಾಕಿಕೊಂಡು ಹೋಗುವುದು, ಬಿಟ್ಟ ಜಾಗಗಳನ್ನು ತಿರುಗಿ ಬರುವಾಗ ತುಂಬುವುದು. ಆಗ ಸೆರಗಿನ ಎರಡೂ ಮಗ್ಗಲು ಒಂದೇ ತರಹ ಕಾಣುತ್ತದೆ. ಇದಕ್ಕೆಲ್ಲ ಬೇಕಾದ ಬಂಡವಾಳ ಒಂದೇ, ಕಣ್ಣು.

ಆ ಬಂಡವಾಳಕ್ಕೆ ಪೆಟ್ಟು ಬಿದ್ದದ್ದು ಮೊದಲು ತಂಗಿಯ ಕಡೆ. ಒಂದು ದಿನ ದಾಕ್ಷಾಯಣಿ ಹಾಕಿದ ಗೋಪುರ ಎಡಕ್ಕೆ ವಾಲಿತ್ತು. ಅಕ್ಕ ತೋರಿಸಿದರೆ ಅವಳು ಒಪ್ಪಲಿಲ್ಲ, ನೆಟ್ಟಗೇ ಇದೆ ಎಂದು ವಾದ ಹಾಕಿದಳು. ಪಾಪ, ಅವಳ ಕಣ್ಣಿಗೆ ನೆಟ್ಟಗಿನ ಎಳೆಗಳು ಸೊಟ್ಟಗೆ ಕಾಣುತ್ತಿದ್ದವು. ಸೊಟ್ಟಗೆ ಹೊಲಿದರೆ ನೆಟ್ಟಗೆ ಕಾಣುತ್ತಿತ್ತು. ದವಾಖಾನೆಗೆ ಹೋಗುವ ಹೊತ್ತಿಗೆ ಅವಳ ಎಡಗಣ್ಣಿನ ಹಿಂದೆ ರಕ್ತ ಸೋರಿ, ನೋಟದ ನಟ್ಟನಡುವೆ ಒಂದು ಕಪ್ಪು ಕಲೆ ಕಾಯಮ್ಮಾಗಿ ಕೂತುಬಿಟ್ಟಿತ್ತು.

ಊರ ಹೊರಗಿನ ಗುಡ್ಡದ ಮೇಲೆ ಕಣ್ಣಿನ ಸಂಶೋಧನಾ ಕೇಂದ್ರವೊಂದು ಹೊಸದಾಗಿ ಎದ್ದಿತ್ತು. ಅಲ್ಲಿಯ ಡಾ. ಶಾಲ್ಮಲಾ ಹಂಚಿನಮನಿ ಇಬ್ಬರ ಕಣ್ಣನ್ನೂ ಪರೀಕ್ಷಿಸಿ, ಇಬ್ಬರಿಗೂ ಇರುವ ಕಾಯಿಲೆ ಏನೆಂದು ಕೂಡಿಸಿಕೊಂಡು ಬಿಡಿಸಿ ಹೇಳಿದಳು. ನಲವತ್ತು ದಾಟದ ಹುಡುಗಿ, ತಾಳ್ಮೆ ಮಾತ್ರ ಎಂಬತ್ತರದು. ಕಣ್ಣಿನ ಹಿಂಗೋಡೆಗೆ ಬೆಳಕು ಹಿಡಿಯುವ ಪರದೆ ಇರುತ್ತದೆ, ಪುಸ್ತಕದಲ್ಲಿ ಅಕ್ಷಿಪಟಲ ಎನ್ನುತ್ತಾರೆ. ಅದರ ಬೆನ್ನಿಗೆ ಅಸ್ತರು ಕೊಟ್ಟಂತೆ ಒಂದು ತೆಳು ಪೊರೆ, ಪೊರೆಯಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಳೆಗಳು. ಕ್ಯಾಲ್ಸಿಯಂ ಎಲ್ಲೆಂದರಲ್ಲಿ ಕೂರದಂತೆ ಕಾಯುವ ಒಂದು ವಸ್ತು ಎಲ್ಲರ ರಕ್ತದಲ್ಲೂ ಓಡಾಡುತ್ತಿರುತ್ತದೆ. ಈ ಅಪರೂಪದ ಕಾಯಿಲೆ ಇದ್ದವರಲ್ಲಿ ಆ ಕಾವಲು ಕಡಿಮೆ. ಎಳೆಗಳಿಗೆ ಸುಣ್ಣ ಹತ್ತುತ್ತದೆ, ಪೊರೆ ಬಿರುಸಾಗಿ ಸೀಳು ಬಿಡುತ್ತದೆ, ಸೀಳಿನೊಳಗಿಂದ ಬರಬಾರದ ರಕ್ತನಾಳಗಳು ನುಗ್ಗಿ ಸೋರುತ್ತವೆ.

"ಕೊಳ್ಳಿನ ತೊಗಲೂ ಹಿಂಗ ಜೋತುಬಿದ್ದದ್ದು ಅದಕ್ಕ. ಇದು ಮನೆತನದಾಗ ಬರೂ ಕಾಯಿಲೆ. ತಾಯಿ ಕಡೆಯಿಂದ ಒಂದು, ತಂದಿ ಕಡೆಯಿಂದ ಒಂದು ದೋಷ ಕೂಡಿ ಬಂದಾಗ ಕಾಣಿಸ್ಕೋತದ," ಎಂದಳು ಡಾಕ್ಟರು.

ಬಸಲಿಂಗವ್ವ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಅವ್ವನದೂ ಹೀಗೇ ಇತ್ತು. ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಅರವತ್ತಕ್ಕೆ ಪೂರ್ತಿ ಕಣ್ಣು ಹೋಯಿತು. ಚಿಮಣಿ ದೀಪದಲ್ಲಿ ಹೊಲಿದು ಹೊಲಿದು ಹೋಯಿತು ಎಂದು ಮನೆಯವರೆಲ್ಲ ನಂಬಿದ್ದರು.

"ಹಂಗಾರ ಅವ್ವಂದೇನೂ ತಪ್ಪಿಲ್ಲ," ಎಂದಳು ಬಸಲಿಂಗವ್ವ.

"ಯಾರದೂ ತಪ್ಪಿಲ್ರಿ ಅಕ್ಕಾರ."

ಕೇಂದ್ರದವರು ಈ ಕಾಯಿಲೆಗೆ ಹೊಸದೊಂದು ಹನಿ ತಯಾರಿಸಿದ್ದರು. ಹಾಳಾದ ಎಳೆಯನ್ನು ಮಾತ್ರ ಗುರುತು ಹಿಡಿದು, ಅದಕ್ಕೆ ಅಂಟಿಕೊಂಡು, ಅಲ್ಲಿಯ ಸುಣ್ಣವನ್ನು ಚೂರುಚೂರಾಗಿ ಹೊತ್ತು ಸಾಗಿಸುವ ಕಣಗಳು ಅದರಲ್ಲಿದ್ದವು. ಹುಬ್ಬಳ್ಳಿಯ ಮಾಲು ಹೊರುವವರ ನೆನಪಿಗೆ ಪ್ರಯೋಗಾಲಯದ ಹುಡುಗರು ಅವಕ್ಕೆ ಹಮಾಲಿ ಕಣ ಎಂದು ಹೆಸರಿಟ್ಟಿದ್ದರು. ದೇಶದ ಬೇರೆ ಬೇರೆ ಕಡೆಯಿಂದ ಇನ್ನೂರಾ ಆರು ಮಂದಿ ಪ್ರಯೋಗಕ್ಕೆ ಸೇರಿದರು. ಅರ್ಧ ಜನಕ್ಕೆ ನಿಜವಾದ ಹನಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಗಣಕಯಂತ್ರಕ್ಕೆ ಬಿಟ್ಟರೆ ಡಾಕ್ಟರಿಗೂ ತಿಳಿಯದು. ದಿನಕ್ಕೊಂದು ಸಲ, ಬೆಳಿಗ್ಗೆ ಸ್ನಾನವಾದ ಮೇಲೆ, ಎರಡೂ ಕಣ್ಣಿಗೆ ಒಂದೊಂದು ಹನಿ. ಆಮೇಲೆ ಗೋಡೆಗೆ ತೂಗುಹಾಕಿದ ಒಂದು ಕನ್ನಡಿಯಲ್ಲಿ ನಿಮಿಷ ಹೊತ್ತು ನೋಡಬೇಕು. ಅದು ಕಣ್ಣಿನ ಹಿಂಗೋಡೆಯ ಚಿತ್ರ ತೆಗೆದು ತಾನೇ ಕೇಂದ್ರಕ್ಕೆ ಕಳಿಸುತ್ತದೆ. ದಾಕ್ಷಾಯಣಿ ಮೂರನೆಯ ದಿನಕ್ಕೇ ಅದರ ಅಂಚಿಗೆ ತನ್ನ ಹಣೆಯ ಟಿಕಳಿ ಅಂಟಿಸಿದಳು.

"ಒಬ್ಬರ ಹನಿ ಇನ್ನೊಬ್ಬರು ಹಾಕ್ಕೋಬ್ಯಾಡ್ರಿ," ಎಂದು ಡಾಕ್ಟರು ಎರಡು ಸಲ ಹೇಳಿದ್ದಳು. "ಹಂಗೇನರೆ ಆದ್ರ ಇಬ್ಬರನ್ನೂ ಪ್ರಯೋಗದಿಂದ ತೆಗೀಬೇಕಾಗ್ತದ."

ಬಾಟಲಿಗಳು ನೋಡಲು ಒಂದೇ ತರಹ. ಮೇಲಿನ ಅಂಕಿ ಇರುವೆ ಹರಿದಷ್ಟು ಸಣ್ಣದು. ಅದಲುಬದಲು ಆಗದಿರಲೆಂದು ಬಸಲಿಂಗವ್ವ ಎರಡು ಪುಟ್ಟ ಚೀಲ ಹೊಲಿದು, ತನ್ನದಕ್ಕೆ ನವಿಲು, ತಂಗಿಯದಕ್ಕೆ ಗಿಳಿ ಹಾಕಿ, ಕನ್ನಡಿಯ ಮಗ್ಗಲು ಮೊಳೆಗೆ ನೇತುಬಿಟ್ಟಳು. ಅದಲುಬದಲು ಮಾಡಲಿಕ್ಕೂ ಅದರಿಂದಲೇ ಅನುಕೂಲವಾಯಿತು ಎನ್ನುವುದು ಮುಂದಿನ ಮಾತು.

ಐದಾರು ದಿನ ಕಳೆದಿರಬೇಕು. ಕಟ್ಟೆಯ ಮೇಲೆ ಸೀರೆ ಹರವಿಕೊಂಡು ಕೂತಾಗ ಬಸಲಿಂಗವ್ವ ಕೇಳಿದಳು. "ಹನಿ ಹಾಕ್ಕೊಂಡ ಮ್ಯಾಲ ಗಂಟಲಾಗ ಹಾಗಲಕಾಯಿ ತಿಂದಂಗ ಕಹಿ ಬರ್ತೈತಲ್ಲ, ನಿನಗೂ ಬರ್ತೈತೇನು?"

"ಇಲ್ಲಲ್ಲ. ನನಗ ಸ್ವಲ್ಪ ಉಪ್ಪುಪ್ಪು ಅನಸ್ತೈತಿ, ಅಷ್ಟ."

ಕಣ್ಣಿಗೆ ಹಾಕಿದ್ದು ಗಂಟಲಿಗೆ ಇಳಿಯುತ್ತದೆ ಎಂಬುದನ್ನು ಅಷ್ಟು ದೊಡ್ಡ ಕೇಂದ್ರದಲ್ಲಿ ಯಾರೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ದಾಕ್ಷಾಯಣಿ.

"ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ದವಾಖಾನ್ಯಾವ್ರು ಅದನ್ನ ಖರೇನ ಮಾಡಿ ತೋರಿಸ್ಯಾರ ನೋಡು. ಇರಲಿ ಬಿಡು, ನಿನಗರೆ ಬಂತಲ್ಲ."

ಬಸಲಿಂಗವ್ವನಿಗೆ ನಗು ಬರಲಿಲ್ಲ. ತನಗೆ ಇನ್ನೂ ಎರಡು ಕಣ್ಣಿವೆ, ಸೀಳಿದ್ದರೂ ಸೋರಿಲ್ಲ. ಇವಳಿಗೆ ಉಳಿದಿರುವುದು ಬಲಗಣ್ಣೊಂದೇ. ಅದೂ ಹೋದರೆ ಇವಳು ಸೂಜಿ ಹಿಡಿಯುವುದಿಲ್ಲ, ಸೂಜಿ ಹಿಡಿಯದಿದ್ದರೆ ಇವಳು ನಗುವುದಿಲ್ಲ. ನಗದ ದಾಕ್ಷಿಯ ಜೊತೆ ಒಂದು ದಿನವೂ ಬದುಕಲು ಬಸಲಿಂಗವ್ವನಿಗೆ ಆಗುವುದಿಲ್ಲ. ಈ ಮನೆಯಲ್ಲಿ ಒಂದು ಪೇಡಾ ಬಂದರೂ ಎರಡು ಹೋಳಾಗುತ್ತದೆ. ದೊಡ್ಡ ಹೋಳು ನೀನು ತಿನ್ನು ನೀನು ತಿನ್ನು ಎಂದು ಜಗಳವಾಡಿ, ಅದು ಇರುವೆಯ ಪಾಲಾದದ್ದೂ ಉಂಟು. ಹಂಚಿ ಉಂಡರೆ ಹಸಿವಿಲ್ಲ ಎಂದು ಅವ್ವ ಹೇಳಿಕೊಟ್ಟಿದ್ದಳು. ಗಣಕಯಂತ್ರಕ್ಕೆ ಅಂಥ ಅವ್ವ ಇರಲಿಲ್ಲ.

ಸಂಜೆ ದಾಕ್ಷಾಯಣಿ ಗಿರಣಿಗೆ ಹೋದಾಗ ಬಸಲಿಂಗವ್ವ ನವಿಲು ಚೀಲದ ಬಾಟಲಿಯನ್ನು ಗಿಳಿ ಚೀಲಕ್ಕೂ ಗಿಳಿ ಚೀಲದ್ದನ್ನು ನವಿಲು ಚೀಲಕ್ಕೂ ಇಟ್ಟಳು. ಮರುದಿನ ಬೆಳಿಗ್ಗೆ ತಾನು ಹನಿ ಹಾಕಿಕೊಂಡಾಗ ಉಪ್ಪುಪ್ಪು. ತಂಗಿ ಹಾಕಿಕೊಂಡಾಗ ಓರೆಗಣ್ಣಿನಿಂದ ನೋಡಿದಳು. ದಾಕ್ಷಾಯಣಿ ಒಮ್ಮೆ ತುಟಿ ಸೊಟ್ಟ ಮಾಡಿದಳು. ಅವಳು ನೀರು ಕುಡಿದು, ಎಂದಿನಂತೆ ಕನ್ನಡಿಯ ಮುಂದೆ ನಿಂತಳು.

ಗೊತ್ತಾಗಲಿಲ್ಲ ಎಂದು ಬಸಲಿಂಗವ್ವ ಬೀಗಿದಳು. ಅದರ ಮರುದಿನ ಅವಳ ಗಂಟಲಿಗೆ ಮತ್ತೆ ಹಾಗಲಕಾಯಿ ಇಳಿಯಿತು. ದಾಕ್ಷಿ ಯಾವಾಗಲೋ ಬಾಟಲಿ ತಿರುಗಿ ಬದಲಿಸಿದ್ದಳು. ಹೀಗೋ ವಿಷಯ ಎಂದುಕೊಂಡು ಬಸಲಿಂಗವ್ವ ಅಂದು ಸಂಜೆ ಮತ್ತೆ ಬದಲಿಸಿದಳು. ಮರುದಿನ ದಾಕ್ಷಾಯಣಿ ಬದಲಿಸಿದಳು. ಯಾರಿಗೆ ಕಹಿ ಬಂದಿತೋ ಅವರು ಸಂಜೆಯೊಳಗೆ ಅದನ್ನು ಇನ್ನೊಬ್ಬರ ಚೀಲಕ್ಕೆ ದಾಟಿಸುವುದು, ಅಷ್ಟೇ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಪೇಡಾದ ಜಗಳ ಶುರುವಾಗುತ್ತದೆ ಎಂದು ಇಬ್ಬರಿಗೂ ತಿಳಿದಿತ್ತು.

ದಿನವೂ ನನ್ನ ಬಾಟಲಿಯ ಹನಿಯನ್ನೇ ಹಾಕಿಕೊಂಡೆ ಎಂದು ಗುರುತು ಮಾಡಲು ಕೇಂದ್ರದವರು ಒಂದು ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಬಸಲಿಂಗವ್ವ ಸುಳ್ಳು ಗುರುತು ಹಾಕಬೇಕಾಯಿತು. ಹುಟ್ಟಾ ಸುಳ್ಳು ಹೇಳದವಳಿಗೆ ಅದು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಚುಚ್ಚತೊಡಗಿತು. ಸುಳ್ಳನ್ನು ಒಂದು ಕಡೆ ಬರೆದ ಮೇಲೆ ನಿಜವನ್ನೂ ಎಲ್ಲಾದರೂ ಇಡಬೇಕಲ್ಲ. ಅವಳು ಮಾದರಿ ಹೊಲಿಯುವ ಬಿಳಿ ಬಟ್ಟೆಯ ತುಂಡೊಂದನ್ನು ತೆಗೆದಳು. ಕಹಿ ಬಂದ ದಿನ ಒಂದು ಕೆಂಪು ಟಾಕು, ಬರದ ದಿನ ನಾಲ್ಕು ಎಳೆ ಖಾಲಿ. ಮೂವತ್ತು ದಿನಕ್ಕೊಂದು ಸಾಲು. ಆ ಬಟ್ಟೆಯನ್ನು ಟ್ರಂಕಿನ ತಳದಲ್ಲಿ ಇಟ್ಟಳು.

ಹನ್ನೊಂದು ತಿಂಗಳು ಹೀಗೆ ನಡೆಯಿತು. ನಡುವೆ ಶ್ರಾವಣದಲ್ಲಿ ಮಾತ್ರ ಒಂದು ಸಲ ತಾಳ ತಪ್ಪಿತು. ದಾಕ್ಷಾಯಣಿ ಬಲಗಣ್ಣಿಗೆ ಏನೋ ಮಂಜು ಎಂದಳು. ಎರಡು ದಿನದಲ್ಲಿ ಮಂಜು ಹೋದರೂ ಅವಳ ಮುಖದ ಅಂಜಿಕೆ ಹೋಗಲಿಲ್ಲ. ಆಗ ಹತ್ತೊಂಬತ್ತು ದಿನ ಬಸಲಿಂಗವ್ವನ ಚೀಲಕ್ಕೆ ಕಹಿ ತಿರುಗಿ ಬರಲಿಲ್ಲ. ತಂಗಿ ಅದನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಳು. ಬಸಲಿಂಗವ್ವನಿಗೆ ಎಷ್ಟು ಸಮಾಧಾನವಾಯಿತೆಂದರೆ, ದಿನಾ ಬೆಳಿಗ್ಗೆ ಉಪ್ಪುನೀರು ಗಂಟಲಿಗಿಳಿದಾಗ ಹೋಳಿಗೆ ತಿಂದಷ್ಟು ತೃಪ್ತಿಯಾಗುತ್ತಿತ್ತು. ಇಪ್ಪತ್ತನೆಯ ದಿನ ಮತ್ತೆ ಕಹಿ ಬಂತು. ಅವಳು ಮನಸ್ಸಿನಲ್ಲೇ ತಂಗಿಯನ್ನು ಬೈದುಕೊಂಡಳು.

ಹನ್ನೆರಡನೆಯ ತಿಂಗಳು ಹಿಡಿದ ಹೊಸದರಲ್ಲಿ ಒಂದು ಮಧ್ಯಾಹ್ನ ಡಾ. ಶಾಲ್ಮಲಾ ತಾನೇ ಮನೆಗೆ ಬಂದಳು. ಮುಖ ಬಾಡಿತ್ತು. ಕೊಟ್ಟ ಚಹಾ ಕೈಯಲ್ಲೇ ಆರಿತು.

"ಅಕ್ಕಾರ, ನಾನು ಬಾಟ್ಲಿ ವಾಪಸ್ ತಗೊಂಡು ಹೋಗಾಕ ಬಂದೀನಿ. ಪ್ರಯೋಗ ನಿಂದರಸಾಕತ್ತೀವಿ."

"ಯಾಕ್ರಿ?"

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನಿಜವಾದ ಹನಿ ಹಾಕಿಕೊಂಡವರ ಕಣ್ಣಿನಿಂದ ಸುಣ್ಣ ಹೋಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ತಿಂಗಳುಗಳು ಕಳೆದಂತೆ ಅವರಲ್ಲಿ ಮೂರರಲ್ಲೊಬ್ಬರಿಗೆ ಪೊರೆ ಮೆತ್ತಗಾಗಿ ಬಾತು, ನೀರು ಸೋರತೊಡಗಿತ್ತು. ಉಪ್ಪುನೀರಿನವರಿಗೆ ಸುಣ್ಣ ಬೆಳೆಯುತ್ತಲೇ ಇತ್ತು. ಹಾಕಿದರೂ ಕಷ್ಟ, ಹಾಕದಿದ್ದರೂ ಕಷ್ಟ.

"ಇನ್ನೂರಾ ಆರು ಮಂದಿಯೊಳಗ ನಿಮ್ಮಿಬ್ಬರ ಕಣ್ಣು ಮಾತ್ರ ಬ್ಯಾರೇನ ಕಥಿ ಹೇಳ್ತಾವ. ಸುಣ್ಣ ನಿಧಾನಕ್ಕ ಕಡಿಮಿ ಆಗ್ಯದ, ಸೀಳು ಕೂಡಾಕತ್ಯಾವ, ಈಗ ಬಾವು ಇಲ್ಲ. ಇಬ್ಬರದೂ ಹೆಚ್ಚೂಕಡಿಮಿ ಒಂದ ತರಹ. ಒಂದ ಮನ್ಯಾಗ ಒಂದ ಕನ್ನಡಿ, ಚಿತ್ರ ಕಲಸಿ ಹೋಗ್ಯಾವ ಅಂತ ಯಂತ್ರ ನಿಮ್ಮಿಬ್ಬರನ್ನೂ ಲೆಕ್ಕದಿಂದ ಹೊರಗ ಹಾಕ್ಯದ. ನನಗೂ ಹಂಗ ಅನಸ್ತದ. ಕನ್ನಡಿ ಕೆಟ್ಟದ ಅಂತ ಬರದು, ಬಾಟ್ಲಿ ಇಸ್ಕೊಂಡು ಹೋಗ್ತೇನಿ."

ಬಸಲಿಂಗವ್ವ ಗೋಡೆಯ ಕಡೆ ನೋಡಿದಳು. ಮೊಳೆಗೆ ಎರಡು ಚೀಲ ತೂಗುತ್ತಿದ್ದವು. ಸುಮ್ಮನಿದ್ದರೆ ತಪ್ಪು ಕನ್ನಡಿಯ ತಲೆಗೆ ಹೋಗುತ್ತದೆ, ಮಾನ ಉಳಿಯುತ್ತದೆ. ಆದರೆ ಬಾಟಲಿಯೂ ಹೋಗುತ್ತದೆ, ಮುಂದೆ ದಾಕ್ಷಿಯ ಬಲಗಣ್ಣು. ಹೇಳಿದರೆ ಈ ಹುಡುಗಿ ಒಂದು ವರ್ಷ ಪಟ್ಟ ಕಷ್ಟಕ್ಕೆ ನಾವು ಮಣ್ಣು ಹಾಕಿದೆವು ಎಂದಾಗುತ್ತದೆ.

"ಕನ್ನಡಿ ಕೆಟ್ಟಿಲ್ಲವ್ವಾ," ಎಂದಳು. "ಕೆಟ್ಟದ್ದು ನಾನು."

ದಾಕ್ಷಾಯಣಿ ಸೂಜಿ ಹಿಡಿದ ಕೈ ನಿಲ್ಲಿಸಿದಳು. ಬಸಲಿಂಗವ್ವ ಕಹಿಯಿಂದ ಶುರುಮಾಡಿ ಚೀಲದವರೆಗೆ ಎಲ್ಲ ಹೇಳಿದಳು, ತಂಗಿಯ ಹೆಸರು ಮಾತ್ರ ಎತ್ತಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ದಾಕ್ಷಾಯಣಿಯೇ ನಡುವೆ ಬಾಯಿ ಹಾಕಿದಳು. "ಆಕಿ ಒಬ್ಬಾಕಿನ ಬದಲಿ ಮಾಡಿದ್ರ ಒಂದ ಸಲಕ್ಕ ಮುಗೀತಿತ್ತ್ರಿ. ತಿರುಗಿ ಇಡಾಕಿ ನಾನು."

ಡಾ. ಶಾಲ್ಮಲಾ ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಕೂತಳು. "ದಿನ ಬಿಟ್ಟು ದಿನ?"

"ಹೌದ್ರಿ. ಶ್ರಾವಣದಾಗೊಂದು ಬಿಟ್ರ."

"ಯಾವ ದಿನ ಯಾರಿಗೆ ಅಂತ ನೆನಪದ ಏನು?"

ಬಸಲಿಂಗವ್ವ ಒಳಗೆ ಹೋಗಿ ಟ್ರಂಕು ತೆರೆದು ಬಿಳಿ ಬಟ್ಟೆ ತಂದು ಡಾಕ್ಟರ ತೊಡೆಯ ಮೇಲೆ ಹರವಿದಳು. ಸಾಲುಸಾಲಾಗಿ ಕೆಂಪು ಟಾಕುಗಳು, ನಡುವೆ ಸಮನಾದ ಖಾಲಿ ಜಾಗಗಳು. ದಾಕ್ಷಾಯಣಿ ಅದನ್ನು ಬಗ್ಗಿ ನೋಡಿದಳು, ಅಕ್ಕನನ್ನು ನೋಡಿದಳು. ಎದ್ದು ಅಡುಗೆಮನೆಗೆ ಹೋಗಿ, ಜೋಳದ ಡಬ್ಬದ ಹಿಂದಿನಿಂದ ಇನ್ನೊಂದು ಬಿಳಿ ಬಟ್ಟೆ ತಂದಳು. ಅದರಲ್ಲಿ ಹಸಿರು ಟಾಕು.

"ನೀನೂ?" ಎಂದಳು ಬಸಲಿಂಗವ್ವ.

"ಆ ಪುಸ್ತಕದಾಗ ಸುಳ್ಳ ಬರೀಬೇಕಿತ್ತಲ್ಲ."

ಇಬ್ಬರಿಗೂ ಸೂಜಿ ಹಿಡಿಯಲು ಕಲಿಸಿದ ಕೈ ಒಂದೇ. ನಾಲ್ಕೇ ಎಳೆ, ಮೂವತ್ತಕ್ಕೇ ಒಂದು ಸಾಲು. ಡಾಕ್ಟರು ಒಂದು ಬಟ್ಟೆಯ ಮೇಲೆ ಇನ್ನೊಂದನ್ನಿಟ್ಟು, ಮೊದಲ ದಿನದ ಜಾಗಕ್ಕೆ ಮೊದಲ ದಿನದ ಜಾಗ ಹೊಂದಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಕ ಬಿಟ್ಟಲ್ಲಿ ತಂಗಿ ತುಂಬಿದ್ದಳು, ತಂಗಿ ಬಿಟ್ಟಲ್ಲಿ ಅಕ್ಕ. ಕೆಂಪು, ಹಸಿರು, ಕೆಂಪು, ಹಸಿರು, ಹನ್ನೊಂದು ಸಾಲು ಎಲ್ಲೂ ಕಡಿಯದ ಗೆರೆ. ಐದನೆಯ ಸಾಲಿನಲ್ಲಿ ಮಾತ್ರ ಹತ್ತೊಂಬತ್ತು ಹಸಿರು ಟಾಕು ಒತ್ತೊತ್ತಾಗಿ ಕೂತಿದ್ದವು.

ದಾಕ್ಷಾಯಣಿ ಆ ಹಸಿರಿನ ಕಡೆ ನೋಡಲಾರದೆ ಮುಖ ತಿರುಗಿಸಿದಳು. "ಆ ಹತ್ತೊಂಬತ್ತ ದಿನ ನಾ ತಿರುಗಿ ಇಡಲಿಲ್ಲ ಯಕ್ಕಾ. ಅಂಜಿದ್ದೆ. ಇದೊಂದು ಕಣ್ಣರೆ ಉಳೀಲಿ ಅಂತ ನಿನ್ನ ಪಾಲನ್ನೂ ನಾನ ತಿಂದೆ. ದಿನಾ ಹನಿ ಹಾಕ್ಕೊಳ್ಳುವಾಗ ನನ್ನ ಬಗ್ಗೆ ನನಗ ಹೇಸಿಗಿ ಬರ್ತಿತ್ತು."

"ಹುಚ್ಚಿ. ನನಗ ಗೊತ್ತಿದ್ದಿಲ್ಲೇನು? ಆ ಹತ್ತೊಂಬತ್ತ ದಿನ ನಾ ಎಷ್ಟು ಖುಷೀಲೆ ಇದ್ದೆ, ನಿನಗೇನು ಗೊತ್ತು," ಎಂದಳು ಬಸಲಿಂಗವ್ವ. ಅವಳ ದನಿ ಒಡೆಯಿತು.

ಡಾಕ್ಟರು ಮಾತ್ರ ಆ ಐದನೆಯ ಸಾಲಿನಿಂದ ಕಣ್ಣು ತೆಗೆದಿರಲಿಲ್ಲ. "ಅಕ್ಕಾರ, ಇಬ್ಬರೂ ಈಗ ನನ್ನ ಜೋಡಿ ಕೇಂದ್ರಕ್ಕ ಬರ್ತೀರೇನು? ಈ ಬಟ್ಟಿ ತಗೊಂಡು ಬರ್ರಿ."

ಗುಡ್ಡದ ಮೇಲಿನ ಕೇಂದ್ರದಲ್ಲಿ ಒಂದು ದೊಡ್ಡ ಕೋಣೆ, ಗೋಡೆ ತುಂಬ ಪರದೆ. ಇನ್ನೂರಾ ಆರು ಮಂದಿಯ ಕಣ್ಣುಗಳು ಇನ್ನೂರಾ ಆರು ಗೆರೆಗಳಾಗಿ ಅದರ ಮೇಲೆ ಹರಿಯುತ್ತಿದ್ದವು. ಬಸಲಿಂಗವ್ವನಿಗೆ ಅದು ಮಗ್ಗಕ್ಕೆ ಹಾಸು ಹೂಡಿದಂತೆ ಕಂಡಿತು. ಡಾ. ಶಾಲ್ಮಲಾ ಎರಡು ಗೆರೆ ಉಳಿಸಿ ಮಿಕ್ಕದ್ದನ್ನೆಲ್ಲ ಅಳಿಸಿದಳು. ಎರಡೂ ಸಮಾಧಾನವಾಗಿ ಇಳಿಯುತ್ತಿದ್ದವು. ಒಂದು ಗೆರೆ ಮಾತ್ರ ನಡುವೆ ಒಂದು ಕಡೆ ದಿಬ್ಬದಂತೆ ಉಬ್ಬಿ, ಮತ್ತೆ ಇಳಿದಿತ್ತು.

"ಇದು ದಾಕ್ಷಾಯಣಿ ಅಕ್ಕಾರ ಬಲಗಣ್ಣು. ಇದೊಂದು ಬಾವು ಯಾಕ ಬಂತು, ಯಾಕ ಹೋತು ಅಂತ ನಮಗ ತಿಳಿದಿದ್ದಿಲ್ಲ." ತಾರೀಖುಗಳನ್ನು ಬಟ್ಟೆಯ ಟಾಕುಗಳ ಜೊತೆ ಎಣಿಸಿ ನೋಡಿದಳು. ಸರಿಯಾಗಿ ಹತ್ತೊಂಬತ್ತು ದಿನದ ಕೊನೆಗೆ ಬಾವು ತುದಿ ಮುಟ್ಟಿತ್ತು. ಮತ್ತೆ ದಿನ ಬಿಟ್ಟು ದಿನ ಆದಮೇಲೆ ತಾನಾಗಿ ಕರಗಿತ್ತು. "ಬಿಡದ ಹಾಕಿದಾಗ ಬಾತದ. ಬಿಟ್ಟು ಬಿಟ್ಟು ಹಾಕಿದಾಗ ಇಳದದ."

ಬಸಲಿಂಗವ್ವ ಹೋಳಿಗೆ ತಿಂದಷ್ಟು ತೃಪ್ತಿಪಟ್ಟ ಆ ದಿನಗಳು ತಂಗಿಯ ಇದ್ದೊಂದು ಕಣ್ಣನ್ನು ಅಂಚಿಗೆ ಒಯ್ದಿದ್ದವು. ತನ್ನ ಪಾಲನ್ನು ದಾಕ್ಷಿ ಪೂರ್ತಿ ತಿನ್ನಲಿ ಎಂದು ಅವಳು ಬೇಡಿಕೊಂಡಿದ್ದಳಲ್ಲ, ಆ ಬೇಡಿಕೆ ಈಡೇರಿದ್ದರೆ ಇಷ್ಟು ಹೊತ್ತಿಗೆ ಆ ಕಣ್ಣೂ ಹೋಗಿರುತ್ತಿತ್ತು. ಅತಿಯಾದರೆ ಅಮೃತವೂ ವಿಷ ಎಂದು ನೂರು ಸಲ ಬೇರೆಯವರಿಗೆ ಹೇಳಿದ್ದಳು.

ಅವಳು ತಂಗಿಯ ಕೈ ಹಿಡಿದುಕೊಂಡಳು. ಆಮೇಲೆ ಡಾಕ್ಟರಿಗೆ ಹೇಳಿದಳು. "ಒಂದ ಜಾಗಾದಾಗ ದಿನಾ ಟಾಕು ಬಿಚ್ಚಿಕೋತ ಹೋದ್ರ ಬಟ್ಟಿ ಜಾಳಾಗ್ತೈತ್ರಿ. ಬಿಚ್ಚಿದ ಮ್ಯಾಲ ಒಂದು ದಿನ ತೊಯ್ಸಿ ಬಿಡ್ತೀವಿ ನಾವು. ಎಳಿ ತಾನ ಕೂಡ್ಕೋತೈತಿ."

"ಅದ ಇರಬೇಕು," ಎಂದಳು ಶಾಲ್ಮಲಾ. "ಸುಣ್ಣ ಹೋದ ಜಾಗಾಕ್ಕ ಹೊಸ ಎಳಿ ನೇಯಾಕ ಜೀವಕೋಶಕ್ಕ ಒಂದು ದಿನ ಪುರಸತ್ತು ಬೇಕೋ ಏನೋ. ಇಬ್ಬರಿಂದ ಏನೂ ಸಾಬೀತಾಗಂಗಿಲ್ಲ. ಆದ್ರ ಮುಂದ ಏನು ಕೇಳಬೇಕು ಅನ್ನೂದು ಇವತ್ತು ಗೊತ್ತಾತು." ಬಟ್ಟೆ ಮಡಿಸುತ್ತ ಮತ್ತೆ ಹೇಳಿದಳು. "ಒಂದ ಮನ್ಯಾಗಿನವರನ್ನ ಬ್ಯಾರೆ ಬ್ಯಾರೆ ಗುಂಪಿಗೆ ಹಾಕಬಾರದಿತ್ತು. ಉಪ್ಪುನೀರನ್ನೂ ಕಹಿ ಮಾಡಬೇಕಿತ್ತು. ಆ ತಪ್ಪು ನಮ್ಮದು."

ನಿಯಮ ನಿಯಮವೇ. ವಾರದೊಳಗೆ ಅಕ್ಕತಂಗಿಯರಿಗೆ ಕೇಂದ್ರದಿಂದ ಕಾಗದ ಬಂತು. ಷರತ್ತು ಮೀರಿದ್ದರಿಂದ ಇಬ್ಬರನ್ನೂ ಪ್ರಯೋಗದಿಂದ ಕೈಬಿಡಲಾಗಿದೆ ಎಂದಿತ್ತು. ಡಾ. ಶಾಲ್ಮಲಾ ಹಿರಿಯರ ಸಮಿತಿಯ ಮುಂದೆ ಎರಡು ಸಲ ನಿಂತು ಉತ್ತರ ಕೊಟ್ಟಳು; ಕಸೂತಿ ಬಟ್ಟೆಯನ್ನು ಸಾಕ್ಷಿಯೆಂದು ಮೇಜಿನ ಮೇಲೆ ಹರವಿದಾಗ ಒಬ್ಬ ಹಿರಿಯರು ಕನ್ನಡಕ ಏರಿಸಿಕೊಂಡು ಮಗುಚಿ ನೋಡಿ, "ಇದರ ಉಲ್ಟಾ ಮಗ್ಗಲು ಯಾವುದು?" ಎಂದು ಕೇಳಿದರಂತೆ. ಮುಂದಿನ ನಾಲ್ಕು ತಿಂಗಳು ಹನಿ ಇರಲಿಲ್ಲ. ಮೊಳೆಯ ಮೇಲೆ ಚೀಲಗಳು ಖಾಲಿ ತೂಗಿದವು. ದಾಕ್ಷಾಯಣಿ ದಿನಾ ಬೆಳಿಗ್ಗೆ ಎಡಗಣ್ಣು ಮುಚ್ಚಿಕೊಂಡು ಬಟ್ಟೆಯ ಎಳೆ ನೋಡುತ್ತಿದ್ದಳು. ಬಸಲಿಂಗವ್ವ ಒಲೆಯ ಮುಂದೆ ನಿಂತು, ಹಾಲು ಉಕ್ಕಿದರೂ ತಿಳಿಯದೆ, ತಂಗಿಯ ಬೆನ್ನನ್ನೇ ನೋಡುತ್ತಿದ್ದಳು.

"ನೆಟ್ಟಗ ಅದಾವೇನು?"

"ನೆಟ್ಟಗ ಅದಾವು. ನಿನ್ನ ಹಾಲು ನೋಡ್ಕೋ."

ಐದನೆಯ ತಿಂಗಳು ಹೊಸ ಪ್ರಯೋಗ ಶುರುವಾಯಿತು. ಈ ಸಲ ಎಲ್ಲರಿಗೂ ನಿಜವಾದ ಹನಿ, ದಿನ ಬಿಟ್ಟು ದಿನ. ಷರತ್ತು ಮೀರಿದ ಇಬ್ಬರನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಆದರೆ ಲೆಕ್ಕದ ಹೊರಗೆ ಇಟ್ಟೇ ಔಷಧಿ ಕೊಡಲು ಶಾಲ್ಮಲಾ ಸಮಿತಿಯಿಂದ ಒಪ್ಪಿಗೆ ತಂದಿದ್ದಳು. ಎರಡು ಬಾಟಲಿ ತಾನೇ ಮನೆಗೆ ತಂದುಕೊಟ್ಟಳು. ಮೇಲೆ ಬೆರಳುದ್ದದ ಅಕ್ಷರ, ಒಂದರ ಮೇಲೆ ಬ, ಒಂದರ ಮೇಲೆ ದಾ.

"ಈಗ ಇಬ್ಬರಿಗೂ ಒಂದ ಔಷಧ. ಬದಲಿ ಮಾಡೂ ಕೆಲಸ ಉಳಿದಿಲ್ಲ," ಎಂದು ನಕ್ಕು, ಈ ಸಲ ಚಹಾ ಬಿಸಿಯಿರುವಾಗಲೇ ಕುಡಿದು ಹೋದಳು.

ಮರುದಿನ ಬೆಳಿಗ್ಗೆ ಬಸಲಿಂಗವ್ವ ನವಿಲು ಚೀಲದಿಂದ, ದಾಕ್ಷಾಯಣಿ ಗಿಳಿ ಚೀಲದಿಂದ ಬಾಟಲಿ ತೆಗೆದು ಹನಿ ಹಾಕಿಕೊಂಡರು. ಒಂದೂವರೆ ವರ್ಷದಲ್ಲಿ ಮೊದಲ ಸಲ ಇಬ್ಬರ ಗಂಟಲಿಗೂ ಒಟ್ಟಿಗೇ ಹಾಗಲಕಾಯಿ ಇಳಿಯಿತು. ಕನ್ನಡಿಯಲ್ಲಿ ಹುಳ್ಳಗಾದ ಎರಡು ಮುಖ ಕಂಡು ಇಬ್ಬರೂ ನಕ್ಕರು. ನಗುನಗುತ್ತ ಬಸಲಿಂಗವ್ವನಿಗೆ ಅಳು ಬಂತು. ಅದನ್ನು ಹನಿಯ ತಲೆಗೆ ಹಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ದಾಕ್ಷಾಯಣಿ ಜೋಳ ಹೊತ್ತು ಗಿರಣಿಗೆ ಹೋದಳು. ಬಸಲಿಂಗವ್ವ ಕಟ್ಟೆಯ ಮೇಲಿಂದ ಎದ್ದು ಒಳಗೆ ಬಂದು ಕನ್ನಡಿಯ ಮುಂದೆ ನಿಂತಳು. ಇದಕ್ಕೆ ಅರ್ಥವಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡರಲ್ಲೂ ಇರುವುದು ಒಂದೇ. ಆದರೂ ಕೈ ಕೇಳಲಿಲ್ಲ. ಬ ಬಾಟಲಿಯನ್ನು ಗಿಳಿ ಚೀಲಕ್ಕೂ ದಾ ಬಾಟಲಿಯನ್ನು ನವಿಲು ಚೀಲಕ್ಕೂ ಇಟ್ಟು, ಏನೂ ಆಗದವಳಂತೆ ಹೋಗಿ ಸೂಜಿಗೆ ದಾರ ಪೋಣಿಸಿದಳು.

ಮರುದಿನ ಹನಿಗೆ ಬಿಡುವು. ಮಧ್ಯಾಹ್ನ ಚೀಲದ ಧೂಳು ಜಾಡಿಸುವ ನೆಪದಲ್ಲಿ ಬಸಲಿಂಗವ್ವ ಒಳಗೆ ಇಣುಕಿದಳು. ನವಿಲು ಚೀಲದಲ್ಲಿ ಬ ಕೂತಿತ್ತು, ಗಿಳಿ ಚೀಲದಲ್ಲಿ ದಾ. ಕಟ್ಟೆಯ ಮೇಲೆ ದಾಕ್ಷಾಯಣಿ ತಲೆ ಎತ್ತದೆ ಗೋಪುರದ ಎಳೆ ಎಣಿಸುತ್ತಿದ್ದಳು. ತಂಗಿ ನೀರು ತರಲು ಹಿತ್ತಲಿಗೆ ಏಳುವುದನ್ನೇ ಕಾಯ್ದು, ಬಸಲಿಂಗವ್ವ ಬಾಟಲಿಗಳನ್ನು ಮತ್ತೆ ಬದಲಿಸಿದಳು.